ಹವಳದ ತೊಟ್ಟಿಯಲ್ಲಿ ಚಪ್ಪಟೆ ಹುಳು: ಗುರುತಿಸುವ ಬಗೆ, ನಿಯಂತ್ರಿಸುವ ಬಗೆ

(ನಮ್ಮ ಸಂಘದ ಮಾಸಿಕ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಈ ವೇದಿಕೆಯಿಂದ ನೀವು ಕಾವ್ಯ, ಸಂಗೀತ, ಹೃದಯದ ಆರೋಗ್ಯ, ಮಕ್ಕಳ ವಿದ್ಯಾಭ್ಯಾಸ ಮುಂತಾದ ಗಂಭೀರ ವಿಷಯಗಳನ್ನು ಕೇಳಿದ್ದೀರಿ. ಅಂತಹ ವೇದಿಕೆಯ ಮೇಲೆ ನಿಂತು ಹುಳುವಿನ ವಿಚಾರವಾಗಿ ಮಾತನಾಡಲು ನಮಗೆ ಮೊದಲು ಸಂಕೋಚವಾಯಿತು. ಆದರೆ ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ನಮ್ಮ ಹಲವು ಕುಟುಂಬಗಳ ದಿವಾನಖಾನೆಗಳಲ್ಲಿ ಈಗ ಉಪ್ಪುನೀರಿನ ಗಾಜಿನ ತೊಟ್ಟಿಗಳಿವೆ. ಅವುಗಳಲ್ಲಿ ಜೀವಂತ ಹವಳಗಳಿವೆ. ಮಕ್ಕಳು ಶಾಲೆಯಿಂದ ಬಂದೊಡನೆ ಮೊದಲು ನೋಡುವುದು ಆ ತೊಟ್ಟಿಯನ್ನೇ. ಹೀಗಿರುವಾಗ ತೊಟ್ಟಿಯನ್ನು ಹಾಳುಗೆಡಹುವ ಶತ್ರುವಿನ ಪರಿಚಯವೂ ಆಗಲಿ ಎಂದು ಕಾರ್ಯಕಾರಿ ಸಮಿತಿಯವರು ಒತ್ತಾಯಿಸಿದುದರಿಂದ ಒಪ್ಪಿಕೊಂಡೆವು. ನಾವು ವೃತ್ತಿಯಿಂದ ಪ್ರಾಣಿಶಾಸ್ತ್ರಜ್ಞರಲ್ಲ. ತೊಟ್ಟಿ ಸಾಕಿ, ತಪ್ಪು ಮಾಡಿ, ಓದಿ ಕಲಿತವರು. ಆ ಮಿತಿಯಲ್ಲಿಯೇ ಈ ಮಾತುಗಳನ್ನು ಸ್ವೀಕರಿಸಬೇಕೆಂದು ವಿನಂತಿ.

ನಮ್ಮ ತಪ್ಪಿನಿಂದಲೇ ಆರಂಭಿಸೋಣ

ನಮ್ಮ ಮನೆಯಲ್ಲಿ ಸುಮಾರು 250 ಲೀಟರಿನ ತೊಟ್ಟಿಯೊಂದಿತ್ತು. ಅದರಲ್ಲಿ ಒಂದು ಜೊತೆ ಕ್ಲೌನ್ ಮೀನು, ಒಂದು ಫೈರ್‌ಫಿಷ್, ಎರಡು ಕ್ರೋಮಿಸ್ ಮೀನುಗಳಿದ್ದವು. ಕ್ಲೌನ್ ಮೀನುಗಳಿಗೆ ನಮ್ಮ ಮಗಳು ಪುಟ್ಟಣ್ಣ, ಪುಟ್ಟಕ್ಕ ಎಂದು ಹೆಸರಿಟ್ಟಿದ್ದಳು. ಒಮ್ಮೆ ಮರಳಿನ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳು ಕಂಡವು. ಪಾಚಿಯಿರಬೇಕೆಂದು ಉಪೇಕ್ಷಿಸಿದೆವು. ಎರಡು ತಿಂಗಳು ಕಳೆಯುವಷ್ಟರಲ್ಲಿ ಆ ಚುಕ್ಕೆಗಳು ಕಲ್ಲು, ಗಾಜು, ಹವಳ ಎಲ್ಲವನ್ನೂ ಕಂಬಳಿಯಂತೆ ಹೊದ್ದುಕೊಂಡವು. ಹತ್ತಿರದಿಂದ ನೋಡಿದಾಗ ಅವು ಚಲಿಸುತ್ತಿದ್ದವು.

ಒಂದು ಶನಿವಾರ ಸಂಜೆ ಔಷಧದ ಸೀಸೆ ತಂದು, ಅದರ ಮೇಲಿನ ಚೀಟಿಯನ್ನು ಅರ್ಧ ಓದಿ, ಹನಿಗಳನ್ನು ಎಣಿಸಿ ಹಾಕಿದೆವು. ಅರ್ಧ ಗಂಟೆಯೊಳಗೆ ಹುಳುಗಳು ಸಾವಿರಗಟ್ಟಲೆ ಕಳಚಿ ನೀರಿನಲ್ಲಿ ತೇಲಾಡತೊಡಗಿದವು. ಶತ್ರುನಾಶವಾಯಿತೆಂದು ಸಂತೋಷಪಟ್ಟು ದೀಪವಾರಿಸಿ ಮಲಗಿದೆವು. ಬೆಳಗಾಗುವಷ್ಟರಲ್ಲಿ ಐದು ಮೀನುಗಳಲ್ಲಿ ನಾಲ್ಕು ಸತ್ತಿದ್ದವು. ಪುಟ್ಟಕ್ಕನೊಬ್ಬಳೇ ಮೂಲೆಯಲ್ಲಿ ಏದುಸಿರು ಬಿಡುತ್ತಿದ್ದಳು. ಆಗ ಏಳು ವರ್ಷದವಳಾಗಿದ್ದ ನಮ್ಮ ಮಗಳು, "ಮದ್ದು ಹಾಕಿದ್ದು ಮೀನುಗಳಿಗೆ ಒಳ್ಳೆಯದಾಗಲಿ ಅಂತ ಅಲ್ಲವಾ?" ಎಂದು ಕೇಳಿದಳು. ನಮ್ಮ ಬಳಿ ಉತ್ತರವಿರಲಿಲ್ಲ.

ಮೀನುಗಳನ್ನು ಕೊಂದದ್ದು ಔಷಧವಲ್ಲ, ಸತ್ತ ಹುಳುಗಳಿಂದ ನೀರಿಗೆ ಸೇರಿದ ವಿಷ ಎಂಬುದು ನಮಗೆ ಆಮೇಲೆ ತಿಳಿಯಿತು. ಚೀಟಿಯ ಉಳಿದರ್ಧದಲ್ಲಿ ಆ ಎಚ್ಚರಿಕೆ ಮುದ್ರಿತವಾಗಿಯೇ ಇತ್ತು. ಇಂದಿನ ಉಪನ್ಯಾಸವನ್ನು ಆ ಉಳಿದರ್ಧದ ವಿವರಣೆಯೆಂದು ತಿಳಿದರೂ ಸರಿಯೇ.

ಚಪ್ಪಟೆ ಹುಳು ಎಂದರೇನು?

ಮಲೆನಾಡಿನವರಿಗೆ ಇಂಬಳ ಚೆನ್ನಾಗಿ ಗೊತ್ತು. ಅದು ಎರೆಹುಳುವಿನ ಸಂಬಂಧಿ. ಅದರ ಮೈಯಲ್ಲಿ ಉಂಗುರಗಳಿವೆ, ರಕ್ತಪರಿಚಲನೆಯಿದೆ. ಚಪ್ಪಟೆ ಹುಳು ಈ ಕುಲಕ್ಕೆ ಸೇರಿದುದಲ್ಲ. ನಮ್ಮ ಶಾಲಾ ಪಠ್ಯಗಳಲ್ಲಿ ಲಾಡಿಹುಳು ಮತ್ತು ಕುರಿಗಳ ಪಿತ್ತಜನಕಾಂಗದ ಹುಳು ಎಂದು ಓದಿದ್ದೇವಲ್ಲ, ಅವುಗಳ ಬಳಗಕ್ಕೆ ಇದು ಸೇರುತ್ತದೆ. ವ್ಯತ್ಯಾಸವಿಷ್ಟೆ: ಅವು ಪರಾವಲಂಬಿಗಳು. ನಾವು ಹೇಳಹೊರಟಿರುವವು ಹೆಚ್ಚಾಗಿ ಸ್ವತಂತ್ರವಾಗಿ ಬದುಕುವಂಥವು.

ಈ ಜೀವಿಗಳಿಗೆ ಹೃದಯವಿಲ್ಲ, ರಕ್ತವಿಲ್ಲ, ಶ್ವಾಸಾಂಗವಿಲ್ಲ. ಆಮ್ಲಜನಕವು ಚರ್ಮದ ಮೂಲಕವೇ ಒಳಗಿಳಿದು ಪ್ರತಿಯೊಂದು ಕೋಶವನ್ನೂ ತಲುಪಬೇಕು. ಮೈ ದಪ್ಪವಾದರೆ ನಡುವಿನ ಕೋಶಗಳಿಗೆ ಉಸಿರು ಸಿಗದು. ಆದುದರಿಂದಲೇ ಅವು ಕಾಗದದಂತೆ ತೆಳ್ಳಗಿವೆ. ಅವುಗಳ ಚಪ್ಪಟೆತನ ಬದುಕುವ ಉಪಾಯವೇ ಹೊರತು ಅಲಂಕಾರವಲ್ಲ.

ಎರಡನೆಯ ಗುಣ ಅವುಗಳ ಪುನರುತ್ಪತ್ತಿ ಶಕ್ತಿ. ತಳಿಶಾಸ್ತ್ರದಲ್ಲಿ ಮುಂದೆ ನೊಬೆಲ್ ಪಾರಿತೋಷಕ ಪಡೆದ ಥಾಮಸ್ ಹಂಟ್ ಮಾರ್ಗನ್ ಅವರು 1898ರಲ್ಲಿ ಸಿಹಿನೀರಿನ ಪ್ಲನೇರಿಯ ಎಂಬ ಚಪ್ಪಟೆ ಹುಳುವನ್ನು ಕತ್ತರಿಸಿ ಪರೀಕ್ಷಿಸಿದರು. ಹುಳುವಿನ 279ರಲ್ಲಿ ಒಂದು ಪಾಲಿನಷ್ಟು ಚಿಕ್ಕ ತುಣುಕೂ ಪೂರ್ಣ ಹುಳುವಾಗಿ ಬೆಳೆಯಬಲ್ಲದೆಂದು ಅವರು ವರದಿ ಮಾಡಿದರು. ಪುರಾಣದ ರಕ್ತಬೀಜಾಸುರನ ಕಥೆ ಇಲ್ಲಿ ನೆನಪಾಗುತ್ತದೆ. ಎಲ್ಲ ಜಾತಿಗಳಿಗೂ ಇಷ್ಟು ಶಕ್ತಿಯಿಲ್ಲವಾದರೂ, ತೊಟ್ಟಿಯೊಳಗೇ ಹುಳುಗಳನ್ನು ಕೆರೆದು ಜಜ್ಜಿ ಬಿಡುವುದು ಚಿಕಿತ್ಸೆಯಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

ಇಲ್ಲೊಂದು ಶಾಸ್ತ್ರೀಯ ಸೂಕ್ಷ್ಮವಿದೆ. ತೊಟ್ಟಿಗಳನ್ನು ಮುತ್ತುವ ತುಕ್ಕುಬಣ್ಣದ ಹುಳುಗಳು ಏಸೀಲ ಎಂಬ ಗುಂಪಿನವು. ಏಸೀಲವೆಂದರೆ ಕುಹರವಿಲ್ಲದ್ದು, ಅಂದರೆ ಹೊಟ್ಟೆಯ ಪೊಳ್ಳೇ ಇಲ್ಲದ್ದು ಎಂದರ್ಥ. ಬಹುಕಾಲ ಇವನ್ನು ಚಪ್ಪಟೆ ಹುಳುಗಳೊಡನೆಯೇ ಎಣಿಸುತ್ತಿದ್ದರು. 1999ರಲ್ಲಿ ಪ್ರಕಟವಾದ ಆನುವಂಶಿಕ ಅಧ್ಯಯನವೊಂದು ಇವು ಬೇರೆಯದೇ ಪುರಾತನ ಕವಲಿನವೆಂದು ತೋರಿಸಿತು. ತೊಟ್ಟಿ ಸಾಕುವವರು ಮಾತ್ರ ಇಂದಿಗೂ ಎಲ್ಲವನ್ನೂ ಚಪ್ಪಟೆ ಹುಳುವೆಂದೇ ಕರೆಯುತ್ತಾರೆ. ನಾವೂ ಹಾಗೆಯೇ ಕರೆಯೋಣ.

ಎಲ್ಲವೂ ಶತ್ರುಗಳಲ್ಲ

ಗಾಜಿನ ಮೇಲೆ ಹರಿದಾಡುವ ಪ್ರತಿಯೊಂದು ಹುಳುವನ್ನೂ ಕಂಡು ಗಾಬರಿಯಾಗಬೇಕಿಲ್ಲ. ಒಂದೆರಡು ಮಿಲಿಮೀಟರಿನ, ಬಿಳುಪಾದ ಅಥವಾ ಪಾರದರ್ಶಕವಾದ ಚಪ್ಪಟೆ ಹುಳುಗಳು ಅನೇಕ ತೊಟ್ಟಿಗಳಲ್ಲಿ ಇರುತ್ತವೆ. ಅವು ಸೂಕ್ಷ್ಮಜೀವಿಗಳನ್ನು ತಿಂದು ತಮ್ಮ ಪಾಡಿಗೆ ತಾವಿರುತ್ತವೆ. ಆಹಾರ ಹೆಚ್ಚಾದಾಗ ಹೆಚ್ಚುತ್ತವೆ, ಕಡಿಮೆಯಾದಾಗ ತಾವಾಗಿಯೇ ಇಳಿಯುತ್ತವೆ.

ಬೇರೆ ಜೀವಿಗಳನ್ನು ಚಪ್ಪಟೆ ಹುಳುವೆಂದು ತಪ್ಪಾಗಿ ತಿಳಿಯುವುದೂ ಉಂಟು. ಕೋಪೆಪಾಡ್ ಎಂಬ ಸೂಕ್ಷ್ಮ ಕಠಿಣಚರ್ಮಿ ಕುಪ್ಪಳಿಸಿ ಚಲಿಸುತ್ತದೆ, ಅದು ಮೀನಿಗೆ ಆಹಾರ. ಬಿರುಗೂದಲ ಹುಳುವಿಗೆ ಮೈತುಂಬ ಉಂಗುರಗಳೂ ಬದಿಗಳಲ್ಲಿ ಕೂದಲೂ ಇರುತ್ತವೆ. ಕಡಲಗೊಂಡೆಹುಳು ದಪ್ಪನೆಯ ಮೈಯುಳ್ಳದ್ದು, ಬೆನ್ನ ಮೇಲೆ ಗೊಂಡೆಗಳಂತಹ ಅಂಗಗಳಿರುತ್ತವೆ. ಚಪ್ಪಟೆ ಹುಳುವಿನ ಬೆನ್ನು ನುಣುಪು. ಅದು ಕುಪ್ಪಳಿಸುವುದಿಲ್ಲ, ಗಾಜಿನ ಮೇಲೆ ಎಣ್ಣೆಯ ಹನಿ ಜಾರಿದಂತೆ ಜಾರುತ್ತದೆ. ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಮಸೂರವೊಂದು ಮನೆಯಲ್ಲಿದ್ದರೆ ಅನುಮಾನ ಬೇಗ ಪರಿಹಾರವಾಗುತ್ತದೆ.

ನಿಜವಾಗಿ ಎಚ್ಚರ ವಹಿಸಬೇಕಾದವು ಮುಖ್ಯವಾಗಿ ಮೂರು.

ಮೊದಲನೆಯದು: ತುಕ್ಕುಬಣ್ಣದ ಹುಳು

ಇದರ ಕುಲನಾಮ ಕಾನ್ವೊಲ್ಯೂಟ್ರಿಲೋಬ. ಉದ್ದ ಕೆಲವೇ ಮಿಲಿಮೀಟರು. ಬಣ್ಣ ತುಕ್ಕುಗೆಂಪು ಅಥವಾ ಕಂದು. ಹಿಂಭಾಗದಲ್ಲಿ ಬಾಲದಂತಹ ಮೂರು ಕವಲುಗಳಿರುವುದೇ ಇದರ ಖಚಿತ ಗುರುತು. ಈ ಕುಲದ ರೆಟ್ರೊಜೆಮ್ಮ ಎಂಬ ಜಾತಿಯನ್ನು 1988ರಲ್ಲಿ ವಿಜ್ಞಾನಿಗಳು ವರ್ಣಿಸಿದ್ದು ಮತ್ಸ್ಯಾಗಾರದ ತೊಟ್ಟಿಯಲ್ಲಿ ದೊರೆತ ಹುಳುಗಳನ್ನು ನೋಡಿಯೇ. ಅದರ ಸಂತಾನಕ್ರಮ ವಿಚಿತ್ರವಾದುದು. ಹಿಂಭಾಗದಲ್ಲಿ ಮೊಗ್ಗು ಮೂಡಿ, ಆ ಮೊಗ್ಗು ತಾಯಿಗೆ ವಿರುದ್ಧ ದಿಕ್ಕಿಗೆ ಮುಖ ಮಾಡಿಕೊಂಡು ಬೆಳೆದು ಕಳಚಿಕೊಳ್ಳುತ್ತದೆ. ಅಂದರೆ ಸಂತತಿ ಬೆಳೆಯಲು ಜೋಡಿ ಬೇಕಿಲ್ಲ. ಹೊಸ ಹವಳದೊಡನೆ ಒಂದೇ ಒಂದು ಹುಳು ಒಳಬಂದರೂ ಸಾಕು.

ಈ ಹುಳುವಿನ ದೇಹದೊಳಗೆ ಏಕಕೋಶ ಪಾಚಿಗಳು ವಾಸಿಸುತ್ತವೆ. ಅವು ಬೆಳಕಿನಿಂದ ಆಹಾರ ತಯಾರಿಸಿ ಹುಳುವಿಗೂ ಕೊಡುತ್ತವೆ. ಆದುದರಿಂದಲೇ ಹುಳುಗಳು ಪ್ರಖರವಾದ ದೀಪದ ಕೆಳಗೆ, ನೀರಿನ ಸೆಳೆತ ಕಡಿಮೆಯಿರುವ ಎಡೆಗಳಲ್ಲಿ ಗುಂಪುಗೂಡುತ್ತವೆ. ಇದು ಹವಳವನ್ನು ತಿನ್ನುವುದಿಲ್ಲ. ಆದರೆ ಸಂಖ್ಯೆ ಮಿತಿಮೀರಿದಾಗ ಹವಳದ ಮೇಲೆ ಹಾಸಿಕೊಂಡು ಬೆಳಕನ್ನು ತಡೆಯುತ್ತದೆ, ಮೀನಿಗೆ ಆಹಾರವಾಗುವ ಸೂಕ್ಷ್ಮಜೀವಿಗಳನ್ನು ಕಬಳಿಸುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಒಮ್ಮೆಲೇ ಸತ್ತಾಗ ನೀರನ್ನು ವಿಷಮಯ ಮಾಡುತ್ತದೆ.

ಎರಡನೆಯದು: ಹವಳದ ಮೈಮೇಲಿನ ಬಿಲ್ಲೆ

ಇದರ ಕುಲನಾಮ ವಮಿನೋವ. ಇದೂ ಏಸೀಲ ಗುಂಪಿನದೇ. ದುಂಡಗೆ ಅಥವಾ ಹೃದಯಾಕಾರವಾಗಿ, ಹಿಂದೆ ಸಣ್ಣ ಕಚ್ಚೊಂದಿರುವ ಕಂದು ಬಿಲ್ಲೆಯಂತೆ ಕಾಣುತ್ತದೆ. ಗಾಜು ಮತ್ತು ಮರಳಿನ ಮೇಲಲ್ಲ, ಹವಳದ ಮೈಮೇಲೆಯೇ ಇದರ ವಾಸ. ಗುಳ್ಳೆಹವಳ, ಅಣಬೆಹವಳ ಮುಂತಾದವುಗಳ ಮೇಲೆ ಚುಕ್ಕೆ ಇಟ್ಟಂತೆ ಕುಳಿತಿರುತ್ತದೆ. ಹವಳ ಸ್ರವಿಸುವ ಲೋಳೆಯೇ ಇದಕ್ಕೆ ಆಹಾರ. ಹವಳಕ್ಕೆ ಸಿಗಬೇಕಾದ ಬೆಳಕು, ಆಹಾರ ಎರಡೂ ಇದರಿಂದ ಕುಗ್ಗುತ್ತವೆ. ಹವಳವನ್ನು ಬೇರೆ ಪಾತ್ರೆಗೆ ತೆಗೆದು, ಹವಳಕ್ಕೆಂದೇ ತಯಾರಾದ ಅದ್ದುಮದ್ದಿನಲ್ಲಿಟ್ಟು, ಪಿಚಕಾರಿಯಿಂದ ನೀರು ಚಿಮ್ಮಿಸಿದರೆ ಬಹುಪಾಲು ಹುಳುಗಳು ಉದುರುತ್ತವೆ. ಕೆಲವು ಸಲ ಪುನರಾವರ್ತಿಸಬೇಕಾಗುತ್ತದೆ.

ಮೂರನೆಯದು: ಆಕ್ರೊಪೋರ ಹವಳವನ್ನು ತಿನ್ನುವ ಹುಳು

ಮೂರರಲ್ಲಿ ಅತ್ಯಂತ ಅಪಾಯಕಾರಿ ಇದು. ಕೊಂಬೆಕೊಂಬೆಯಾಗಿ ಬೆಳೆಯುವ ಆಕ್ರೊಪೋರ ಹವಳವೇ ಇದರ ಆಹಾರ. ತಿಂದ ಹವಳದ ಬಣ್ಣವನ್ನೂ ಪಾಚಿಯನ್ನೂ ತನ್ನ ತೆಳುಮೈಯಲ್ಲಿ ಇರಿಸಿಕೊಳ್ಳುವುದರಿಂದ, ಹವಳದ ಮೇಲೆ ಕುಳಿತಾಗ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಇದರ ಇತಿಹಾಸವೂ ಕುತೂಹಲಕರ. ಮನೆಯ ತೊಟ್ಟಿಗಳಲ್ಲಿ ಹವಳಗಳು ಸಾಯುತ್ತಿದ್ದುದರಿಂದ ಸಾಕುವವರಿಗೆ ಇದರ ಪರಿಚಯ ಮೊದಲೇ ಆಗಿತ್ತು. 2011ರಲ್ಲಿ ಕೇಟ್ ರಾಲಿನ್‌ಸನ್ ಮತ್ತು ಸಂಗಡಿಗರು ಇದಕ್ಕೆ ಅಮಾಕುಸಾಪ್ಲಾನ ಆಕ್ರೊಪೋರೆ ಎಂದು ಹೆಸರಿಟ್ಟು ವರ್ಣಿಸಿದರು. ಸಮುದ್ರದಲ್ಲಿ ಇದರ ನೆಲೆ ಪತ್ತೆಯಾದ ವಿಷಯ 2012ರಲ್ಲಿ ಪ್ರಕಟವಾಯಿತು. ಆ ನೆಲೆ ನಾವಿರುವ ಈ ದೇಶದಲ್ಲೇ, ಉತ್ತರ ಕ್ವೀನ್ಸ್‌ಲ್ಯಾಂಡಿನ ಗ್ರೇಟ್ ಬ್ಯಾರಿಯರ್ ರೀಫಿಗೆ ಸೇರಿದ ಲಿಜರ್ಡ್ ದ್ವೀಪದ ಬಳಿ. ಈಗ ಇದನ್ನು ಪ್ರಾಸ್ಥಿಯೋಸ್ಟೋಮಮ್ ಆಕ್ರೊಪೋರೆ ಎಂದು ಕರೆಯುತ್ತಾರೆ. ಸಮುದ್ರದಲ್ಲಿ ಇದನ್ನು ತಿನ್ನುವ ಮೀನುಗಳಿವೆ, ಹಾಗಾಗಿ ಹತೋಟಿಯಲ್ಲಿರುತ್ತದೆ. ಗಾಜಿನ ತೊಟ್ಟಿಯಲ್ಲಿ ಆ ಸಮತೋಲವಿಲ್ಲ.

ಹುಳು ಕಾಣದಿದ್ದರೂ ಅದರ ಕುರುಹು ಕಾಣುತ್ತದೆ. ಹವಳದ ಬಣ್ಣ ಬುಡದಿಂದ ಮಂಕಾಗುತ್ತ ಬರುತ್ತದೆ. ಮೈಮೇಲೆ ಸಣ್ಣ ದುಂಡನೆಯ ಬಿಳಿಚು ಕಲೆಗಳು, ಅಂದರೆ ಹುಳು ಕಚ್ಚಿದ ಗುರುತುಗಳು ಮೂಡುತ್ತವೆ. ಕೊಂಬೆಯ ಬುಡದಲ್ಲಿ ಜೀವಕಳೆದ ಬರಿಯ ಅಸ್ಥಿಯ ಮೇಲೆ ಜೇನಿನ ಬಣ್ಣದ ಮೊಟ್ಟೆಗಳ ಗುಂಪು ಅಂಟಿಕೊಂಡಿರುತ್ತದೆ. ಅನುಮಾನವಿದ್ದರೆ ಹವಳವನ್ನು ಬಿಳಿಯ ಪಾತ್ರೆಯಲ್ಲಿಟ್ಟು ಪಿಚಕಾರಿಯಿಂದ ರಭಸವಾಗಿ ನೀರು ಬಿಡಿ. ಪಾರದರ್ಶಕ ಚೂರುಗಳು ಸುರುಳಿಸುತ್ತ ಕೆಳಗೆ ಬಿದ್ದರೆ ಅವೇ ಹುಳುಗಳು.

ಒಳಬರುವ ಬಾಗಿಲು ಮತ್ತು ಅದರ ಕಾವಲು

ಚಪ್ಪಟೆ ಹುಳು ಗಾಳಿಯಿಂದ ಬರುವುದಿಲ್ಲ. ಹೊಸ ಹವಳ, ಹೊಸ ಕಲ್ಲು, ಸ್ನೇಹಿತರು ಕೊಟ್ಟ ಪಾಚಿಯ ಗೊಂಚಲು, ಅಂಗಡಿಯ ಚೀಲದ ನೀರು, ಇವೇ ಅದರ ವಾಹನಗಳು. ನಮ್ಮ ಸಂಘದಲ್ಲಿ ಹಬ್ಬದ ದಿನ ಹವಳದ ತುಂಡುಗಳನ್ನು ಪರಸ್ಪರ ಕೊಟ್ಟುಕೊಳ್ಳುವ ಪ್ರೀತಿಯ ಪದ್ಧತಿ ಬೆಳೆದಿದೆ. ಅದು ನಿಲ್ಲಬಾರದು. ಆದರೆ ಪ್ರೀತಿಯ ಜೊತೆಗೆ ಪ್ರತ್ಯೇಕವಾಸವೂ ಇರಲಿ.

ಚಿಕ್ಕದೊಂದು ತೊಟ್ಟಿ, ಒಂದು ಪಂಪು, ಒಂದು ದೀಪ ಇಷ್ಟಿದ್ದರೆ ಪ್ರತ್ಯೇಕವಾಸದ ವ್ಯವಸ್ಥೆಯಾಯಿತು. ಚೀಲದ ನೀರನ್ನು ಮುಖ್ಯ ತೊಟ್ಟಿಗೆ ಸುರಿಯಬೇಡಿ. ಹವಳವನ್ನು ಮೊದಲು ಅದ್ದುಮದ್ದಿನಲ್ಲಿ ಅದ್ದಿ, ಅದು ಕುಳಿತಿದ್ದ ಹಳೆಯ ಬಿಲ್ಲೆಯನ್ನು ಸಾಧ್ಯವಾದರೆ ತೆಗೆದುಹಾಕಿ, ಹೊಸ ಬಿಲ್ಲೆಗೆ ಅಂಟಿಸಿ. ಮೊಟ್ಟೆಗಳು ಬಹಳಷ್ಟು ಸಲ ಹಳೆಯ ಬಿಲ್ಲೆಯ ಅಡಿಯಲ್ಲಿಯೇ ಇರುತ್ತವೆ.

ಕಾಲದ ಲೆಕ್ಕ

ಅದ್ದುಮದ್ದು ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಕೊಲ್ಲುವುದಿಲ್ಲ. ಆದುದರಿಂದ ಒಮ್ಮೆ ಅದ್ದಿ ನಿಶ್ಚಿಂತರಾಗುವಂತಿಲ್ಲ. ಎಷ್ಟು ದಿನಕ್ಕೆ ಮತ್ತೆ ಅದ್ದಬೇಕೆಂಬುದಕ್ಕೆ ಆಸ್ಟ್ರೇಲಿಯಾದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ನೀಡುತ್ತದೆ. ನೀರಿನ ಉಷ್ಣತೆ 27 ಡಿಗ್ರಿ ಸೆಲ್ಸಿಯಸ್ ಇದ್ದಾಗ ಆಕ್ರೊಪೋರ ಹುಳುವಿನ ಮೊಟ್ಟೆ ಸರಾಸರಿ 11 ದಿನಗಳಲ್ಲಿ ಒಡೆಯುತ್ತದೆ. ಮರಿ ಬೆಳೆದು ತಾನೇ ಮೊಟ್ಟೆಯಿಡುವ ವಯಸ್ಸಿಗೆ ಬರಲು ಸರಾಸರಿ 35 ದಿನ ಬೇಕು. ಒಂದು ತಲೆಮಾರಿಗೆ ಕನಿಷ್ಠ 38 ದಿನ. ಉಷ್ಣತೆ 24 ಡಿಗ್ರಿಗೆ ಇಳಿದರೆ ತಲೆಮಾರಿನ ಅವಧಿ 64 ದಿನಕ್ಕೆ ಹಿಗ್ಗುತ್ತದೆ. ಆಕ್ರೊಪೋರ ಇಲ್ಲದಿದ್ದರೆ ಮರಿಗಳು 9 ದಿನಗಳಿಗಿಂತ ಹೆಚ್ಚು ಬದುಕಲಿಲ್ಲ.

ಈ ಅಂಕಿಗಳ ಅರ್ಥ ಸರಳ. ಇಂದು ಅದ್ದಿದಾಗ ಉಳಿದ ಮೊಟ್ಟೆಗಳು ಮುಂದಿನ ಕೆಲವು ವಾರಗಳಲ್ಲಿ ಒಡೆಯುತ್ತವೆ. ಹೊರಬಂದ ಮರಿಗಳು ಪ್ರಾಯಕ್ಕೆ ಬಂದು ಹೊಸ ಮೊಟ್ಟೆಯಿಡುವ ಮೊದಲೇ ಅವನ್ನು ಹಿಡಿಯಬೇಕು. ವಾರಕ್ಕೊಮ್ಮೆಯಂತೆ ಆರು ವಾರ ಅದ್ದಿ, ಪ್ರತಿಸಲವೂ ಕಣ್ಣಿಗೆ ಕಂಡ ಮೊಟ್ಟೆಗಳನ್ನು ಕೆರೆದು ತೆಗೆದರೆ ಸರಪಳಿ ತುಂಡಾಗುತ್ತದೆ. ನೀರು ತಂಪಾಗಿದ್ದರೆ ಮೊಟ್ಟೆ ಒಡೆಯುವುದೂ ತಡವಾಗುವುದರಿಂದ ಈ ಅವಧಿಯನ್ನು ಹಿಗ್ಗಿಸಬೇಕು. ಅಷ್ಟೂ ಕಾಲ ಮುಖ್ಯ ತೊಟ್ಟಿಯಲ್ಲಿ ಒಂದು ತುಣುಕು ಆಕ್ರೊಪೋರವೂ ಇರಬಾರದು. ತಿನ್ನಲು ಏನೂ ಇಲ್ಲದೆ ಅಲ್ಲಿ ಹುಟ್ಟಿದ ಮರಿಗಳು ತಾವೇ ನಶಿಸುತ್ತವೆ.

ಅಡಿಕೆ ತೋಟದ ಮನೆಗಳಿಂದ ಬಂದವರಿಗೆ ಇದು ಹೊಸ ಮಾತಲ್ಲ. ಕೊಳೆರೋಗಕ್ಕೆ ಮುಂಗಾರು ಹಿಡಿಯುವ ಮೊದಲೊಮ್ಮೆ ಬೋರ್ಡೋ ದ್ರಾವಣ ಹೊಡೆದು, 40-45 ದಿನ ಕಳೆದ ಮೇಲೆ ಮತ್ತೊಮ್ಮೆ ಹೊಡೆಯುತ್ತಾರೆ. ಎರಡನೆಯ ಸಲದ ಮದ್ದನ್ನು ಸೋಮಾರಿತನದಿಂದ ಬಿಟ್ಟವನ ತೋಟದಲ್ಲಿ ಏನಾಗುತ್ತದೆಂಬುದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಇಲ್ಲಿಯೂ ಅದೇ ನ್ಯಾಯ.

ತುಕ್ಕುಬಣ್ಣದ ಹುಳುವಿಗೆ ಚಿಕಿತ್ಸೆ

ಈ ಹುಳು ಹವಳದ ಮೇಲಷ್ಟೇ ಅಲ್ಲದೆ ತೊಟ್ಟಿಯಿಡೀ ವ್ಯಾಪಿಸುವುದರಿಂದ ಕೊನೆಗೆ ತೊಟ್ಟಿಗೇ ಔಷಧ ಹಾಕಬೇಕಾಗುವುದುಂಟು. ಮೊದಲ ಅನಾಹುತದ ನಂತರ, ಉಳಿದ ಹುಳುಗಳು ಮತ್ತೆ ಹೆಚ್ಚಿದಾಗ, ಎರಡನೆಯ ಸಲ ನಾವು ಅನುಸರಿಸಿದ ಕ್ರಮವನ್ನು ಇಲ್ಲಿ ಹೇಳುತ್ತೇವೆ.

ಒಂದು: ಔಷಧಕ್ಕೆ ಮೊದಲು ಕೈಗೆಲಸ. ತೆಳ್ಳನೆಯ ಕೊಳವೆಯಿಂದ ಹುಳುಗಳನ್ನು ಹೀರಿ ಹೊರತೆಗೆಯಬೇಕು. ಕೊಳವೆಯ ಇನ್ನೊಂದು ತುದಿಗೆ ನಯವಾದ ಬಟ್ಟೆ ಕಟ್ಟಿದರೆ ಹುಳುಗಳು ಅಲ್ಲಿ ಉಳಿಯುತ್ತವೆ. ನಾವು ಮೂರು ವಾರಗಳ ಕಾಲ ದಿನಕ್ಕೆ ಹದಿನೈದು ನಿಮಿಷ ಈ ಕೆಲಸ ಮಾಡಿದೆವು. ಕಣ್ಣಿಗೆ ಕಾಣುವ ಹುಳುಗಳು ತೀರ ವಿರಳವಾಗುವ ತನಕ ಸೀಸೆಯ ಮುಚ್ಚಳ ತೆರೆಯಲಿಲ್ಲ. ಸಾಯುವ ಹುಳುಗಳ ಸಂಖ್ಯೆ ಎಷ್ಟು ಕಡಿಮೆಯೋ ವಿಷವೂ ಅಷ್ಟು ಕಡಿಮೆ.

ಎರಡು: ಸಿದ್ಧತೆ. ತೊಟ್ಟಿಯ ಅರ್ಧದಷ್ಟಾದರೂ ಹೊಸ ಉಪ್ಪುನೀರನ್ನು ಸರಿಯಾದ ಉಷ್ಣತೆ ಮತ್ತು ಲವಣಾಂಶದಲ್ಲಿ ಮೊದಲೇ ತಯಾರಿಸಿಡಬೇಕು. ಹೊಸ ಸಕ್ರಿಯ ಇದ್ದಿಲನ್ನು ತೊಳೆದಿಟ್ಟುಕೊಳ್ಳಬೇಕು. ಮೀನುಗಳಿಗೆ ತೊಂದರೆಯಾದರೆ ವರ್ಗಾಯಿಸಲು ಗಾಳಿಗುಳ್ಳೆಯ ವ್ಯವಸ್ಥೆಯಿರುವ ಪಾತ್ರೆಯೊಂದು ಬೇಕು.

ಮೂರು: ಸಮಯ. ರಜಾದಿನದ ಬೆಳಿಗ್ಗೆಯೇ ಆರಂಭಿಸಬೇಕು. ದಿನವಿಡೀ ತೊಟ್ಟಿಯ ಮುಂದೆ ಕುಳಿತಿರಲು ಬಿಡುವಿರಬೇಕು. ನಮ್ಮಂತೆ ಸಂಜೆ ಹಾಕಿ ಮಲಗಬಾರದು.

ನಾಲ್ಕು: ಪ್ರಮಾಣ. ಔಷಧದ ಚೀಟಿಯಲ್ಲಿರುವ ಪ್ರಮಾಣವೇ ಪ್ರಮಾಣ. ಕಲ್ಲು, ಮರಳು ಆಕ್ರಮಿಸಿರುವ ಜಾಗವನ್ನು ಕಳೆದು ನಿಜವಾದ ನೀರಿನ ಅಳತೆ ತೆಗೆದುಕೊಳ್ಳಬೇಕು. ಹಾಕುವಾಗ ಇದ್ದಿಲನ್ನು ತೆಗೆದಿಡಬೇಕು, ಇಲ್ಲವಾದರೆ ಅದು ಔಷಧವನ್ನೇ ಹೀರಿಬಿಡುತ್ತದೆ.

ಐದು: ಹುಳುಗಳು ಕಳಚಿ ತೇಲತೊಡಗಿದೊಡನೆ ಕೊಳವೆಯಿಂದ ಹೀರುತ್ತಲೇ ಇರಬೇಕು. ಚೀಟಿಯಲ್ಲಿ ಹೇಳಿದ ಅವಧಿ ಮುಗಿದೊಡನೆ ಇದ್ದಿಲನ್ನು ಹಾಕಿ, ನೀರಿನ ದೊಡ್ಡ ಭಾಗವನ್ನು ಬದಲಿಸಬೇಕು. ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯತೊಡಗಿದರೆ ಅವಧಿ ಮುಗಿಯಲೆಂದು ಕಾಯದೆ ಆ ಕೆಲಸವನ್ನು ಕೂಡಲೇ ಮಾಡಬೇಕು.

ಆರು: ಒಂದೆರಡು ವಾರ ಬಿಟ್ಟು ಮತ್ತೊಮ್ಮೆ ಇದನ್ನೇ ಪುನರಾವರ್ತಿಸಬೇಕು. ಕಲ್ಲಿನ ಸಂದಿನಲ್ಲಿ ಅಡಗಿ ಉಳಿದ ಒಂದು ಹುಳುವೇ ಮತ್ತೆ ವಂಶ ಬೆಳೆಸಬಲ್ಲದು.

ಇದರ ಜೊತೆಗೆ ಮೂಲಕಾರಣದ ಕಡೆಗೂ ಗಮನವಿರಲಿ. ಅತಿಯಾಗಿ ಆಹಾರ ಹಾಕುವುದು, ನೀರಿನ ಚಲನೆ ಕಡಿಮೆಯಿರುವುದು, ನೊರೆಯ ಮೂಲಕ ಕೊಳೆ ತೆಗೆಯುವ ಸ್ಕಿಮ್ಮರ್ ಯಂತ್ರವನ್ನು ಶುಚಿಯಾಗಿಡದಿರುವುದು, ಇವೆಲ್ಲ ಹುಳುವಿಗೆ ಆಹ್ವಾನಪತ್ರಿಕೆ. ಬಂದ ಅತಿಥಿಗಳೆಲ್ಲರೂ ಮೀನಿಗೆ ಒಂದೊಂದು ಚಿಟಿಕೆ ಆಹಾರ ಹಾಕುವ ನಮ್ಮ ಮನೆಗಳ ಉದಾರಗುಣವನ್ನು ಸ್ವಲ್ಪ ಹತೋಟಿಯಲ್ಲಿಡಬೇಕು.

ಹುಳುವಿಗೆ ಹಗೆಯಾದ ಜೀವಿಗಳು

ಮದ್ದಿಲ್ಲದೆ ಹತೋಟಿ ಸಾಧ್ಯವೇ ಎಂದು ಹಲವರು ಕೇಳುತ್ತಾರೆ. ಭಾಗಶಃ ಸಾಧ್ಯ. ಆರು ಗೆರೆಗಳ ರಾಸ್ ಮೀನು ದಿನವಿಡೀ ಕಲ್ಲುಗಳನ್ನು ಕುಕ್ಕುತ್ತ ಹುಳುಗಳನ್ನು ಆರಿಸಿ ತಿನ್ನುತ್ತದೆ. ಆಕ್ರೊಪೋರ ಹುಳುವಿನ ಮೇಲೆ ನಡೆದ ಪ್ರಯೋಗಗಳಲ್ಲಿ ಈ ಮೀನು ಹುಳುವನ್ನೂ, ಪೆಪ್ಪರ್‌ಮಿಂಟ್ ಸೀಗಡಿ ಹುಳುವಿನ ಮೊಟ್ಟೆಯನ್ನೂ ತಿಂದದ್ದು ಕಂಡುಬಂದಿದೆ. ಆದರೆ ಈ ರಾಸ್ ಮೀನು ಜಗಳಗಂಟ. ತನ್ನ ನಂತರ ಬಂದ ಸಣ್ಣ ಮೀನುಗಳನ್ನು ಪೀಡಿಸುತ್ತದೆ. ಹಳದಿ ರಾಸ್ ಇದಕ್ಕಿಂತ ಸಾಧು.

ಕಪ್ಪುನೀಲಿ ಮಖಮಲ್ಲಿನಂತಹ ಕೆಲಿಡೊನುರ ವೇರಿಯನ್ಸ್ ಎಂಬ ಕಡಲಗೊಂಡೆಹುಳುವಿನ ಸಂಬಂಧಿಯೊಂದಿದೆ. ಅದು ತುಕ್ಕುಬಣ್ಣದ ಹುಳುವಿನಂತಹವನ್ನೇ ತಿಂದು ಬದುಕುತ್ತದೆ. ಹುಳು ಮುಗಿದೊಡನೆ ಅದಕ್ಕೆ ಉಪವಾಸ. ಕೆಲಸ ಮುಗಿದ ಮೇಲೆ ಅದನ್ನು ಹುಳುವಿರುವ ಇನ್ನೊಂದು ಮನೆಗೆ ಒಪ್ಪಿಸುವ ಏರ್ಪಾಡಿಲ್ಲದೆ ತರುವುದು ನ್ಯಾಯವಲ್ಲ. ಮ್ಯಾಂಡರಿನ್ ಮೀನಿನ ವಿಷಯವೂ ಹೀಗೆಯೇ. ಅದರ ಮುಖ್ಯ ಆಹಾರ ಕೋಪೆಪಾಡ್. ಚಿಕ್ಕ ತೊಟ್ಟಿಯಲ್ಲಿ ಅದು ಸೊರಗಿ ಸಾಯುತ್ತದೆ. ಒಂದು ಜೀವಿಯನ್ನು ಬರಿಯ ಔಷಧವೆಂದು ಕೊಳ್ಳುವ ಮುನ್ನ ಅದರ ನಾಳೆಯ ಊಟವನ್ನೂ ಯೋಚಿಸಬೇಕು.

ಮಾಡಬಾರದ ಮೂರು ಕೆಲಸಗಳು

ಮೊದಲನೆಯದಾಗಿ, ತಾಮ್ರಯುಕ್ತ ಔಷಧವನ್ನು ಹವಳದ ತೊಟ್ಟಿಗೆ ಎಂದೂ ಹಾಕಬಾರದು. ಮೀನಿನ ಕೆಲವು ರೋಗಗಳಿಗೆ ಅದು ಮದ್ದು, ಹವಳಕ್ಕೂ ಸೀಗಡಿಗೂ ಮೃತ್ಯು. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದೂ ತಾಮ್ರವೇ. ತೋಟಕ್ಕೆ ಹಿತವಾದದ್ದು ತೊಟ್ಟಿಗೆ ಹಿತವಲ್ಲ.

ಎರಡನೆಯದು ನಮ್ಮ ಪ್ರಾಣಕ್ಕೇ ಸಂಬಂಧಿಸಿದುದು. ಹುಳು ಸಾಯಲೆಂದು ಕಲ್ಲುಗಳನ್ನು ಅಡುಗೆಮನೆಯಲ್ಲಿ ಕುದಿಸುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಜೊವಾಂತಿಡ್ ಎಂಬ ಗುಂಡಿಯಾಕಾರದ ಹವಳಬಂಧುಗಳಲ್ಲಿ ಕೆಲವು ಪ್ಯಾಲಿಟಾಕ್ಸಿನ್ ಎಂಬ ಘೋರವಿಷವನ್ನು ಒಳಗೊಂಡಿರುತ್ತವೆ. ಕುದಿಸಿದಾಗ, ಬಿಸಿನೀರು ಸುರಿದಾಗ, ಒರಟಾಗಿ ಉಜ್ಜಿದಾಗ ಆ ವಿಷ ಆವಿಯೊಡನೆ, ತುಂತುರಿನೊಡನೆ ಉಸಿರಿಗೆ ಸೇರುತ್ತದೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿ ತೊಟ್ಟಿಯ ಹವಳವನ್ನು ಶುಚಿ ಮಾಡಲು ಹೋದ ಮನೆಯವರೂ, ನೆರವಿಗೆ ಧಾವಿಸಿದ ತುರ್ತುಸೇವೆಯ ಸಿಬ್ಬಂದಿಯೂ ಆಸ್ಪತ್ರೆ ಸೇರಬೇಕಾಯಿತು. ಹವಳ ಮುಟ್ಟುವಾಗ ಕೈಗವಸು, ಕತ್ತರಿಸುವಾಗ ಕಣ್ಣಿನ ರಕ್ಷಣೆ ಕಡ್ಡಾಯವಾಗಿರಲಿ. ಅದ್ದುಮದ್ದಿಗೆ ಬಳಸಿದ ಪಾತ್ರೆ ಮತ್ತೆ ಅಡುಗೆಗೆ ಬರಬಾರದು. ಔಷಧದ ಸೀಸೆಗಳು ಮಕ್ಕಳ ಕೈಗೆಟುಕದಿರಲಿ.

ಮೂರನೆಯದಾಗಿ, ತೊಟ್ಟಿಯ ಜೀವಿಗಳನ್ನಾಗಲಿ ನೀರನ್ನಾಗಲಿ ಸಮುದ್ರಕ್ಕೆ, ಹಳ್ಳಕ್ಕೆ ಬಿಡಬಾರದು. ಒಂದು ಹುಳುವಿನಿಂದ ವಂಶ ಬೆಳೆಯುತ್ತದೆಂದು ಈಗ ತಾನೇ ಕೇಳಿದಿರಿ. ತೊಟ್ಟಿಯಲ್ಲಿ ನಡೆದದ್ದು ಕರಾವಳಿಯಲ್ಲಿಯೂ ನಡೆಯಬಹುದು.

ಇದೇ ಸಂದರ್ಭದಲ್ಲಿ ಊರಿನ ಮಾತೊಂದು. ಉತ್ತರ ಕನ್ನಡದ ಮುರುಡೇಶ್ವರದ ಎದುರಿಗೆ ನೇತ್ರಾಣಿ ದ್ವೀಪವಿದೆ. ಅದರ ಸುತ್ತ ಹವಳಗಳಿವೆ. ರಜೆಗೆ ಹೋದಾಗ ಮಕ್ಕಳಿಗೆ ಅವಶ್ಯವಾಗಿ ತೋರಿಸಿ. ಆದರೆ ಒಂದು ತುಣುಕನ್ನೂ ನೆನಪಿಗಾಗಿ ತರಬೇಡಿ. ಭಾರತದಲ್ಲಿ ದಿಬ್ಬ ಕಟ್ಟುವ ಹವಳಗಳಿಗೆ 2001ರಿಂದ ವನ್ಯಜೀವಿ ಕಾಯಿದೆಯ ರಕ್ಷಣೆಯಿದೆ. ಕಾಯಿದೆ ಇಲ್ಲದಿದ್ದರೂ ಅವು ಅಲ್ಲಿಯೇ ಇರತಕ್ಕವು.

ಮುಗಿಸುವ ಮುನ್ನ

ಗಾಜಿನ ತೊಟ್ಟಿಯೊಳಗಿನ ಜೀವಿಗಳು ತಾವಾಗಿ ನಮ್ಮ ಮನೆಗೆ ಬಂದವಲ್ಲ. ನಾವು ತಂದೆವು. ತಂದ ಮೇಲೆ ಅವುಗಳ ಹೊಣೆ ನಮ್ಮದು. ಹೊಸ ಹವಳವನ್ನು ಆರು ವಾರ ಪ್ರತ್ಯೇಕವಾಗಿಡುವುದು, ದಿನಕ್ಕೆ ಹದಿನೈದು ನಿಮಿಷ ಹುಳು ಹೀರುವುದು, ಚೀಟಿಯನ್ನು ಕೊನೆಯ ಸಾಲಿನ ತನಕ ಓದುವುದು, ಇವೆಲ್ಲ ಬೇಸರದ ಕೆಲಸಗಳೇ. ನಮ್ಮ ನಾಲ್ಕು ಮೀನುಗಳು ಸತ್ತದ್ದು ಅಷ್ಟು ಬೇಸರವನ್ನು ನಾವು ಸಹಿಸದೆ ಹೋದುದರಿಂದ.

ಎರಡನೆಯ ಸಲ ಔಷಧ ಹಾಕಿದ ದಿನ ನಮ್ಮ ಮಗಳು ಬೆಳಗಿನಿಂದ ಸಂಜೆಯ ತನಕ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಪುಟ್ಟಕ್ಕನ ಉಸಿರು ಎಣಿಸುತ್ತ ಕುಳಿತಿದ್ದಳು. ಆ ದಿನ ಯಾವ ಮೀನೂ ಸಾಯಲಿಲ್ಲ. ಈಗ ಅವಳು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ರಜೆಯಲ್ಲಿ ಮನೆಗೆ ಬಂದಾಗ ಚೀಲ ಇಳಿಸುವ ಮೊದಲೇ ಮಸೂರ ಹಿಡಿದು ಗಾಜನ್ನು ಪರೀಕ್ಷಿಸುತ್ತಾಳೆ. ಇನ್ನೂ ಒಂದು ಹುಳುವೂ ಸಿಕ್ಕಿಲ್ಲ. ಆದರೂ ಅವಳು ನೋಡುವುದನ್ನು ಬಿಟ್ಟಿಲ್ಲ, ನಾವೂ ಬಿಟ್ಟಿಲ್ಲ.

ತೊಟ್ಟಿ ಇರುವವರು, ಇಡಬೇಕೆಂದಿರುವವರು, ಕಾಫಿಯ ವೇಳೆಯಲ್ಲಿ ಪ್ರಶ್ನೆಗಳನ್ನು ಅವಶ್ಯವಾಗಿ ಕೇಳಬಹುದು. ಮಸೂರವನ್ನು ಜೊತೆಯಲ್ಲಿಯೇ ತಂದಿದ್ದೇವೆ.